ಲೈನ್ ತೆಗೆದು ಮತ್ತೆ ಹಾಕಿದ ಸಂಜೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಕೂತು ಎದ್ದಿದ್ದೇನೆ. ಮೊದಲು ಕಸುಬು ಬಿಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಕಸುಬು ತಾನಾಗಿಯೇ ಬಿಟ್ಟುಹೋಯಿತು. ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಅದೂ ಮುಗಿಯಿತು. ಈಗ ನೆಪ ಹೇಳಲು ಏನೂ ಉಳಿದಿಲ್ಲ. ಹೇಳಬೇಕಾದದ್ದು ಒಂದೇ ಮಾತು, ಅದೂ ಒಬ್ಬರಿಗೆ ಮಾತ್ರ. ಅವರ ಮುಖ ನೋಡಿ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಇದೂ ಮುಂದೂಡುವ ಇನ್ನೊಂದು ದಾರಿ ಎಂದು ನನಗೆ ಗೊತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹಲಸೂರಿನ ಪಕ್ಕದ ಜೋಗುಪಾಳ್ಯ ನಮ್ಮ ಊರು. ಈಗ ಅದನ್ನು ಊರು ಎಂದರೆ ಜನ ನಗುತ್ತಾರೆ. ನಮ್ಮ ತಾತ ಅಲ್ಲಿ ರಾಗಿ, ತರಕಾರಿ ಬೆಳೆಯುತ್ತಿದ್ದರು. ಆ ಹೊಲದ ಮೇಲೆ ಈಗ ಇಂದಿರಾನಗರದ ಮನೆಗಳಿವೆ. ನಮಗೆ ಉಳಿದದ್ದು ಒಂದು ಗಲ್ಲಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಕೆಲವು ಬಾಡಿಗೆ ಮನೆಗಳು, ಅಣ್ಣನ ಮನೆ, ಅದರ ಮಹಡಿಯಲ್ಲಿ ನನ್ನ ಮನೆ. ಕೆಳಗೆ ಬೀದಿಗೆ ಮುಖಮಾಡಿದ್ದ ಕೋಣೆಯಲ್ಲಿ ನಾನು ಕೇಬಲ್ ಟೀವಿ ನಡೆಸುತ್ತಿದ್ದೆ. ಛಾವಣಿಯ ಮೇಲೆ ಡಿಶ್ಶುಗಳು, ಕೋಣೆಯೊಳಗೆ ಚಾನೆಲ್ಲಿಗೊಂದರಂತೆ ಬಿಸಿಯಾಗಿ ಗುಂಯ್ ಎನ್ನುವ ಪೆಟ್ಟಿಗೆಗಳು, ಒಂದು ಟೀವಿ, ಒಂದು ಫೋನು, ಎರಡು ಪ್ಲಾಸ್ಟಿಕ್ ಕುರ್ಚಿ.

ಆಗ ಕೇಬಲ್‌ನವನಿಗೆ ಗಲ್ಲಿಯಲ್ಲಿ ಒಂದು ಸ್ಥಾನವಿತ್ತು. ಯಾರ ಮನೆಯಲ್ಲಿ ಏನು ನೋಡುತ್ತಾರೆ ಎಂಬುದು ನನಗೆ ತಿಳಿದಿರುತ್ತಿತ್ತು. ತಿಂಗಳ ವಸೂಲಿಗೆ ಹೋದಾಗ ಬಾಗಿಲು ತಟ್ಟುವ ಮೊದಲು ಒಂದು ಗಳಿಗೆ ನಿಂತು ಕೇಳಿದರೆ ಸಾಕು. ಅದಕ್ಕಿಂತ ಖಚಿತವಾದ ಇನ್ನೊಂದು ಉಪಾಯವೂ ಇತ್ತು. ನಮ್ಮ ಕಸುಬಿನವರು ಅದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ. ಒಂದು ಕಾರ್ಯಕ್ರಮ ಜನರನ್ನು ಹಿಡಿದಿದೆಯೋ ಇಲ್ಲವೋ ನೋಡಬೇಕಾದರೆ ಆ ಚಾನೆಲ್ಲಿನ ಪೆಟ್ಟಿಗೆಯ ಹಿಂದಿನ ಪಿನ್ನು ಕಿತ್ತುಬಿಡುವುದು. ಎಲ್ಲರ ಮನೆಯಲ್ಲೂ ಆ ಒಂದು ಚಾನೆಲ್ ಚುಕ್ಕೆಚುಕ್ಕೆಯಾಗುತ್ತದೆ. ಫೋನು ಬಂದರೆ ಹಿಡಿದಿದೆ. ಬಾರದಿದ್ದರೆ ಜನ ಆಗಲೇ ಬೇರೆ ಚಾನೆಲ್ಲಿಗೆ ಹೋಗಿದ್ದಾರೆ. ಇದಕ್ಕೆ ನಾವು ಲೈನ್ ತೆಗೆದು ನೋಡುವುದು ಎನ್ನುತ್ತಿದ್ದೆವು.

ಫೋನುಗಳು ಎಲ್ಲ ಭಾಷೆಯಲ್ಲೂ ಬರುತ್ತಿದ್ದವು. "ಅಣ್ಣಾ, ಪಡಂ ವರಲೆ." "ಅರೆ ಭಾಯ್, ಟೀವಿ ಕೈಕು ಬಂದ್ ಕರೇ?" ನಮ್ಮ ಎದುರುಮನೆಯ ಅಜ್ಜಿಯಂತೂ ಫೋನು ಮಾಡದೆ ಕಿಟಕಿಯಿಂದಲೇ ಕೂಗುತ್ತಿದ್ದರು. "ಲೋ, ಆ ಅತ್ತೆ ಈಗಿನ್ನೂ ಸಾಯ್ತಾ ಇದ್ಲು ಕಣೋ. ಸಾಯೋವರ್ಗೂ ಇರ್ಬಾರ್ದಿತ್ತಾ ನಿನ್ ಲೈನು?"

ಹೀಗೆ ತೆಗೆದು ಹಾಕಿ ನಾನೊಂದು ವಿಷಯ ಕಲಿತೆ. ಆಗ ನಿಜವಾದ ಅಪರಾಧಗಳನ್ನು ನಟರಿಂದ ಆಡಿಸಿ ತೋರಿಸುವ ಕಾರ್ಯಕ್ರಮಗಳು ಬರುತ್ತಿದ್ದವು. ಯಾರ ಮೇಲಾದರೂ ಅನುಮಾನ ಬೀಳುವ ಹೊತ್ತಿಗೆ ಲೈನ್ ತೆಗೆದರೆ ಫೋನು ಕೆಳಗಿಡಲು ಬಿಡುವಿರುತ್ತಿರಲಿಲ್ಲ. ಸತ್ತವರ ಮನೆಯವರು ಸುಮ್ಮನೆ ಅಳುತ್ತಾ ಕೂತಿರುವಾಗ ತೆಗೆದರೆ ಯಾರೂ ಕೇಳುತ್ತಿರಲಿಲ್ಲ. ಜನರಿಗೆ ದುಃಖ ಬೇಡ, ಬೆರಳು ತೋರಿಸಲು ಒಂದು ಮುಖ ಬೇಕು ಎಂದು ನಾನು ತೀರ್ಮಾನ ಮಾಡಿದೆ. ಅದನ್ನು ಟೀ ಅಂಗಡಿಯಲ್ಲಿ ಹೇಳಿ ಜಾಣ ಎನಿಸಿಕೊಂಡೆ.

ಅಣ್ಣ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ. ಬೆಳಿಗ್ಗೆ ಎದ್ದು ಅತ್ತಿಗೆ ಕೊಡುತ್ತಿದ್ದ ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿದು ಹಲಸೂರು ಕೆರೆಯ ಕಡೆ ನಡೆದುಬರುತ್ತಿದ್ದ. ಒಂದು ದಿನ ಹೋದವನು ಬರಲಿಲ್ಲ. ಮಧ್ಯಾಹ್ನ ಕೆರೆಯಲ್ಲಿ ಸಿಕ್ಕಿದ. ಒಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು. ಜಾರಿದನೋ, ತಲೆ ಸುತ್ತಿತೋ, ತಾನೇ ಇಳಿದನೋ ಯಾರಿಗೂ ಗೊತ್ತಾಗಲಿಲ್ಲ. ಪೊಲೀಸರು ಬಂದು ಎಲ್ಲರನ್ನೂ ಕೇಳಿದರು. ದೇಹವನ್ನು ಪರೀಕ್ಷೆ ಮಾಡಿಸಿದರು. ವಿಷವಿಲ್ಲ, ಗಾಯವಿಲ್ಲ, ನೀರಿನಲ್ಲಿ ಮುಳುಗಿ ಸತ್ತಿದ್ದಾನೆ ಎಂದು ಬರೆದು ಮುಗಿಸಿದರು. ಮನೆಯಲ್ಲಿ ಅತ್ತಿಗೆ, ಮತ್ತು ಆಗ ಹತ್ತನೇ ತರಗತಿಯಲ್ಲಿದ್ದ ಅಣ್ಣನ ಮಗಳು ಉಳಿದರು. ಆ ಹುಡುಗಿ ಸಂಜೆ ನನ್ನ ಕೋಣೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದೇ ಪ್ರಶ್ನೆ ಕೇಳುತ್ತಿದ್ದಳು. "ಚಿಕ್ಕಪ್ಪಾ, ಅಪ್ಪಂಗೆ ಏನಾಗಿರ್ಬೋದು?" ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನನಗಾಗುತ್ತಿರಲಿಲ್ಲ.

ಮರುವರ್ಷ ಒಂದು ಚಾನೆಲ್ಲಿನಿಂದ ಅಂಥ ಅಪರಾಧದ ಕಾರ್ಯಕ್ರಮ ಮಾಡುವ ಹುಡುಗನೊಬ್ಬ ನಮ್ಮ ಕಡೆ ಬಂದ. ವಿನಯವಂತ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಏರಿಯಾದಲ್ಲಿ ಏನಾದರೂ ಕೇಸು ಇದೆಯಾ ಎಂದು ಕೇಬಲ್‌ನವರನ್ನೆಲ್ಲ ಕೇಳುತ್ತಿದ್ದ. "ನಮ್ಮನೇದೇ ಇದೆ" ಎಂದೆ. ಅತ್ತಿಗೆಗೆ ಹೇಳಿದ್ದು ಬೇರೆ. ಟೀವಿಯಲ್ಲಿ ಬಂದರೆ ಅವತ್ತು ಬೆಳಿಗ್ಗೆ ಕೆರೆ ಹತ್ತಿರ ಇದ್ದವರು ಯಾರಾದರೂ ನೋಡುತ್ತಾರೆ, ನೋಡಿ ಬಂದು ಹೇಳುತ್ತಾರೆ ಎಂದೆ. ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡು, "ಗೊತ್ತಾದ್ರೆ ಸಾಕು ಕಣಪ್ಪ, ಏನಾದ್ರೂ ಆಗಿರ್ಲಿ" ಎಂದರು. ಹಾಗೆ ಹೇಳುವಾಗ ನಾನೂ ಅದನ್ನು ನಂಬಿದ್ದೆ.

ಆ ಹುಡುಗ ನನ್ನ ಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಟೀ ಆರಿಹೋಯಿತು. ಕೊನೆಗೆ ತಲೆ ಕೆರೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ ಸಾರ್. ಇದ್ರಲ್ಲಿ ಕಥೆ ಎಲ್ಲಿದೆ? ಹೋದ್ರು, ಸತ್ರು, ಗೊತ್ತಿಲ್ಲ. ಶುರುವಿಂದ ಕೊನೆವರ್ಗೂ ಬರೀ ಕತ್ಲೆ. ಯಾರ್ ಸಾರ್ ಕೂತ್ಕೊಂಡ್ ನೋಡ್ತಾರೆ?"

"ನೋಡೋ ಹಾಗೆ ಮಾಡ್ಬೇಕು" ಎಂದೆ.

"ಹೆಂಗೆ?"

ಲೈನ್ ತೆಗೆದು ನೋಡುವ ಗುಟ್ಟನ್ನು ಅವನಿಗೆ ಹೇಳಿದೆ. ಯಾವಾಗ ಫೋನು ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಎಳೆಎಳೆಯಾಗಿ ವಿವರಿಸಿದೆ. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಓದಿದವನೊಬ್ಬ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

"ಹೆಂಡ್ತಿ ಮೇಲೆ ಸ್ವಲ್ಪ ಅನುಮಾನ ಬರ್ಸಿ" ಎಂದೆ. "ಬೆಳಿಗ್ಗೆ ಮಜ್ಜಿಗೆ ಕೊಡೋರು ಅವ್ರೇ ಅಲ್ವಾ. ಅದ್ರಲ್ಲಿ ಏನೋ ಹಾಕ್ದಂಗೆ ಒಂದ್ ಸೀನ್ ಇಡಿ. ಹಾಕಿದ್ರು ಅಂತ ಹೇಳ್ಬೇಡಿ. ಇಲ್ಲ ಅಂತ್ಲೂ ಹೇಳ್ಬೇಡಿ. ಒಬ್ರೂ ಚಾನೆಲ್ ಬದಲಾಯಿಸಲ್ಲ."

"ಅವ್ರು ನಿಮ್ ಅತ್ತಿಗೆ ಅಲ್ವಾ ಸಾರ್?"

"ಹೆಸ್ರು ಬದಲಾಯಿಸ್ತೀರಲ್ಲ" ಎಂದೆ.

ಹಾಗೇಕೆ ಹೇಳಿದೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅತ್ತಿಗೆಯ ಮೇಲೆ ನನಗೆ ದ್ವೇಷವಿರಲಿಲ್ಲ. ತಾಯಿ ಸತ್ತ ಮೇಲೆ ನನಗೆ ಅನ್ನ ಹಾಕಿದವರು ಅವರು. ಅಣ್ಣ ಸಾಯಲು ಕಾರಣವೇ ಇಲ್ಲ ಎಂಬುದನ್ನು ಸಹಿಸಲಾಗದೆ ಒಂದು ಕಾರಣ ಕಟ್ಟಿದೆನೇ ಎಂದೂ ಯೋಚಿಸಿದ್ದೇನೆ. ಅದು ನನಗೆ ನಾನೇ ಕೊಟ್ಟುಕೊಳ್ಳುವ ರಿಯಾಯಿತಿ. ನಿಜ ಸಣ್ಣದು. ನನ್ನ ಜಾಣತನವನ್ನು ಒಬ್ಬ ಮೆಚ್ಚುತ್ತಿದ್ದ, ನಾನು ಇನ್ನಷ್ಟು ತೋರಿಸಿದೆ.

ಅದು ಒಂದು ಭಾನುವಾರ ಸಂಜೆ ಬಂತು. ಹೆಸರು ಬದಲಾಗಿತ್ತು, ನಿಜ. ಆದರೆ ಕೆರೆ ನಮ್ಮದೇ ಕೆರೆ. ಗಲ್ಲಿ ನಮ್ಮ ಪಕ್ಕದ್ದು. ಅಣ್ಣನ ಹಾಗೆ ಮೀಸೆ ಬಿಟ್ಟ ನಟ, ಅತ್ತಿಗೆಯ ಹಾಗೆ ಮೂಗಿನ ಎರಡೂ ಬದಿಗೆ ಬೊಟ್ಟಿಟ್ಟ ನಟಿ. ಆ ವಿವರಗಳನ್ನೂ ನಾನೇ ಕೊಟ್ಟಿದ್ದೆ. ಅತ್ತಿಗೆ ಮತ್ತು ಮಗಳು ಕೆಳಗೆ ತಮ್ಮ ಮನೆಯಲ್ಲಿ ನೋಡುತ್ತಿದ್ದರು, ನಾನು ಗೋಡೆಯಾಚೆ ಕೋಣೆಯಲ್ಲಿ. ನಟಿ ಅಡುಗೆಮನೆಗೆ ಹೋದಳು. ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಹಿಂದೆ ತಿರುಗಿ ನೋಡಿದಳು. ಸೆರಗಿನ ಗಂಟು ಬಿಚ್ಚಿದಳು.

ಆಗ ನನ್ನ ಕೈ ತಾನಾಗಿ ಪೆಟ್ಟಿಗೆಯ ಹಿಂದೆ ಹೋಯಿತು. ಪಿನ್ನು ಕಿತ್ತೆ.

ಗಲ್ಲಿಯಲ್ಲಿ ಒಂದೇ ಸಲ ಎಲ್ಲ ಮನೆಗಳ ಸದ್ದು ನಿಂತಿತು. ಆಮೇಲೆ ಫೋನು. ಇಟ್ಟರೆ ಮತ್ತೆ ಫೋನು. ಎದುರುಮನೆಯ ಅಜ್ಜಿ ಕಿಟಕಿಯಿಂದ, "ಲೋ, ಹಾಕೋ, ಅವ್ಳು ಏನೋ ಬೆರೆಸ್ತಾ ಇದ್ಲು" ಎಂದು ಕೂಗಿದರು. ಚಾನೆಲ್ಲಿನವರದೇ ತೊಂದರೆ, ಪೆಟ್ಟಿಗೆ ಸುಟ್ಟಿದೆ, ಏನು ಬೇಕಾದರೂ ಹೇಳಬಹುದಿತ್ತು. ಹದಿನೈದು ನಿಮಿಷ ಸುಮ್ಮನಿದ್ದಿದ್ದರೆ ಕಾರ್ಯಕ್ರಮವೇ ಮುಗಿದುಹೋಗುತ್ತಿತ್ತು. ಕೊನೆಯ ಫೋನನ್ನು ಎತ್ತಿದೆ. ಅದು ಗೋಡೆಯಾಚೆಯಿಂದ ಬಂದದ್ದು.

"ಚಿಕ್ಕಪ್ಪಾ, ಲೈನ್ ಹೋಯ್ತು. ಬೇಗ ಹಾಕಿ ಚಿಕ್ಕಪ್ಪಾ. ಅಪ್ಪಂಗೇನಾಯ್ತು ಅಂತ ಈಗ್ಲೇ ಹೇಳ್ತಾರೆ."

ನಾನು ಹಾಕಿದೆ.

ಆಮೇಲೆ ಗಲ್ಲಿಯವರು ಅತ್ತಿಗೆಯನ್ನು ನೇರವಾಗಿ ಏನೂ ಅನ್ನಲಿಲ್ಲ. ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು, ಅಷ್ಟೆ. ಅದನ್ನು ಅವರು ತಡೆದುಕೊಂಡರು. ತಡೆಯಲಾಗದ್ದು ಮನೆಯೊಳಗೆ ನಡೆಯಿತು. ಮಗಳು ತಟ್ಟೆಯ ಮುಂದೆ ಕೂತು ತಾಯಿ ಮೊದಲ ತುತ್ತು ತಿನ್ನುವವರೆಗೆ ಕಾಯತೊಡಗಿದಳು. ಅನ್ನ ಕಲಸುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಪುಸ್ತಕ ಸರಿಮಾಡುತ್ತಿದ್ದಳು. ಅತ್ತಿಗೆಗೆ ಅದು ಕೆಲವೇ ದಿನಗಳಲ್ಲಿ ಅರ್ಥವಾಯಿತು. ಅಂದಿನಿಂದ ಅವರು ಒಲೆಯ ಮುಂದೆಯೇ ನಿಂತು, ಮಗಳಿಗೆ ಕಾಣುವ ಹಾಗೆ, ಪ್ರತಿಯೊಂದು ಪಾತ್ರೆಯಿಂದಲೂ ಒಂದೊಂದು ತುತ್ತು ತಿಂದು ಆಮೇಲೆ ಬಡಿಸತೊಡಗಿದರು. ಸಾರು, ಪಲ್ಯ, ಮುದ್ದೆ, ಕೊನೆಗೆ ಮಜ್ಜಿಗೆ. ನಾನು ಎದುರಿಗೇ ಕೂತು ಉಂಡಿದ್ದೇನೆ. ಉಪ್ಪು ನೋಡುತ್ತಿದ್ದಾರೆ ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ.

ಮಗಳು ಓದಿದಳು, ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು, ಹುಬ್ಬಳ್ಳಿ ಕಡೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು, ಕೆ.ಆರ್. ಪುರದಲ್ಲಿ ಮನೆ ಮಾಡಿದಳು. ತಾಯಿಯನ್ನು ಚೆನ್ನಾಗಿಯೇ ನೋಡಿಕೊಂಡಳು. ಔಷಧಿ, ಸೀರೆ, ಹಬ್ಬ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನ್ನು ಮಾತ್ರ ಆ ಭಾನುವಾರದ ನಂತರ ನಾನು ನೋಡಲಿಲ್ಲ.

ಅತ್ತಿಗೆ ಹಾಸಿಗೆ ಹಿಡಿದು ಏಳಲಾರದ ಸ್ಥಿತಿಗೆ ಬಂದಾಗ ನಾನು ಅವರಿಗೆ ಹೇಳಿಬಿಟ್ಟೆ. ಮಧ್ಯಾಹ್ನದ ಹೊತ್ತು, ಕೋಣೆಯಲ್ಲಿ ನಾವಿಬ್ಬರೇ. ಮಜ್ಜಿಗೆಯ ಮಾತು ನನ್ನದು ಎಂದೆ. ಅವರು ಕಣ್ಣು ತೆರೆಯಲಿಲ್ಲ.

"ನಂಗೊತ್ತಿತ್ತು ಕಣಪ್ಪ. ಮಜ್ಜಿಗೆ ವಿಷ್ಯ ನಿನ್ ಬಿಟ್ರೆ ಇನ್ಯಾರಿಗ್ ಗೊತ್ತು? ಮೂಗಿನ ಬೊಟ್ಟು ನೋಡಿದ ತಕ್ಷಣ ಗೊತ್ತಾಯ್ತು."

"ತಪ್ಪಾಯ್ತು ಅತ್ತಿಗೆ."

"ನಂಗ್ ಹೇಳಿದ್ದು ಸಾಕು. ಅವಳಿಗ್ ಹೇಳು. ನಾನ್ ಹೇಳಿದ್ರೆ ತಪ್ಪಿಸ್ಕೊಳಕ್ಕೆ ಹೇಳ್ತೀನಿ ಅನ್ಕೋತಾಳೆ. ನೀನ್ ಹೇಳಿದ್ರೆ ನಂಬ್ತಾಳೆ. ನಾನಿರೋವಾಗ್ಲೇ ಹೇಳಪ್ಪ."

ಆಗಲಿ ಎಂದೆ. ಆಮೇಲೆ ಅವರು ಮಳೆಗಾಲ ಮುಗಿಯುವವರೆಗೂ ಬದುಕಿದ್ದರು. ನಾನು ಹೇಳಲಿಲ್ಲ. ನಾನು ಹೋದಾಗಲೆಲ್ಲ ಅವರು ಮಗಳ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮುಖ, ಆಮೇಲೆ ಗೋಡೆ ಕಡೆ ತಿರುಗುತ್ತಿದ್ದರು.

ಅದಾಗಿ ವರ್ಷಗಳಾದವು. ಕೇಬಲ್ ಹೋಯಿತು. ಗಲ್ಲಿಯ ಕಂಬಗಳಲ್ಲಿ ನನ್ನ ಹಳೆಯ ವೈರು ಇನ್ನೂ ನೇತಾಡುತ್ತಿದೆ, ಬಿಚ್ಚಲು ಯಾರೂ ಬಂದಿಲ್ಲ. ಈಗ ಜನ ತಮಗೆ ಬೇಕಾದದ್ದನ್ನು ಬೇಕಾದಾಗ ನೋಡುತ್ತಾರೆ, ಲೈನ್ ತೆಗೆಯುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. ತಿಂಗಳಿಗೊಂದು ಭಾನುವಾರ ನಾನು ಹಲಸೂರಿನಲ್ಲಿ ಮೆಟ್ರೋ ಹತ್ತಿ ಅಣ್ಣನ ಮಗಳ ಮನೆಗೆ ಊಟಕ್ಕೆ ಹೋಗುತ್ತೇನೆ. ನನಗೆ ಮಕ್ಕಳಿಲ್ಲ, ಹೆಂಡತಿಯೂ ತೀರಿಕೊಂಡಿದ್ದಾಳೆ. ನನ್ನನ್ನು ಕರೆಯುವವಳು ಅವಳೊಬ್ಬಳೇ. ಪ್ರತಿ ಸಲ ಹೋಗುವಾಗ ಇವತ್ತು ಹೇಳುತ್ತೇನೆ ಎಂದು ಹೋಗುತ್ತೇನೆ.

ಅವಳು ಕ್ರೈಮ್ ಧಾರಾವಾಹಿ ಬಿಟ್ಟು ಬೇರೇನೂ ನೋಡುವುದಿಲ್ಲ. ಹೋದ ತಿಂಗಳು ಹೊಸದೊಂದನ್ನು ಹಾಕಿದ್ದಳು. ಸಮುದ್ರದ ಪಕ್ಕದ ಒಂದು ಸಣ್ಣ ಊರು, ಕಾಣೆಯಾದ ಒಬ್ಬ ಲಾರಿ ಚಾಲಕ, ಅವನ ಹೆಂಡತಿ, ನಿವೃತ್ತಿ ಹತ್ತಿರವಾದ ಒಬ್ಬ ಪೊಲೀಸ್. ಹಾಡಿಲ್ಲ, ಹೊಡೆದಾಟವಿಲ್ಲ. ಕಾಣೆಯಾದವನ ಅಂಗಿ ತೊಳೆದು ಒಣಹಾಕುವ ಹೆಂಡತಿಯನ್ನೇ ಬಹಳ ಹೊತ್ತು ತೋರಿಸುತ್ತಾರೆ. ಊಟಕ್ಕೆ ಮೊದಲು ಶುರುವಾದದ್ದು ಒಂದರ ಹಿಂದೊಂದು ಕಂತು ಓಡುತ್ತಲೇ ಇತ್ತು.

ಅಳಿಯ ಸೋಫಾದಲ್ಲಿ ಹೊರಳಾಡಿದ. "ಇದೇನ್ರಿ ಮಾವಾರ, ಮೂರು ತಾಸಿಂದ ಬರೇ ನೀರು ತೋರ್ಸಾಕತ್ತಾರ. ಮ್ಯಾಚ್ ಹಾಕ್ತೀನಿ ಅಂದ್ರ ಬಿಡವಲ್ಲಳು. ಇಂಥಾದನ್ನ ಯಾರ್ ನೋಡ್ತಾರ ಹೇಳ್ರಿ?"

ಹಳೆಯ ಪ್ರಶ್ನೆಯೇ. ಆ ಟೀವಿ ಹುಡುಗ ಕೇಳಿದ್ದೂ ಇದನ್ನೇ. ನಾನು ಅಣ್ಣನ ಮಗಳ ಕಡೆ ನೋಡಿದೆ. ಅವಳು ಕಾಲು ಮಡಚಿ ಕೂತಿದ್ದಳು, ಹತ್ತನೇ ತರಗತಿಯಲ್ಲಿ ನನ್ನ ಕೋಣೆಯಲ್ಲಿ ಕೂರುತ್ತಿದ್ದ ಹಾಗೆಯೇ. ಕಣ್ಣು ಮಿಟುಕಿಸುತ್ತಿರಲಿಲ್ಲ. ಆಗ ನನಗೆ ತಿಳಿದದ್ದು, ಅವತ್ತು ಮಜ್ಜಿಗೆಯ ಲೋಟ ತೋರಿಸುವ ಅಗತ್ಯವೇ ಇರಲಿಲ್ಲ ಎಂಬುದು. ಬರೀ ಕೆರೆಯನ್ನು ತೋರಿಸಿದ್ದರೂ ಅವಳು ಕೂತು ನೋಡುತ್ತಿದ್ದಳು. ಗೊತ್ತಿಲ್ಲ ಎಂದು ಹೇಳಿ ಮುಗಿಸಿದ್ದರೂ ಕೊನೆಯವರೆಗೆ ನೋಡುತ್ತಿದ್ದಳು. ಉಳಿದವರು ಚಾನೆಲ್ ಬದಲಾಯಿಸಿದ್ದರೆ ಏನು ನಷ್ಟವಾಗುತ್ತಿತ್ತು? ಆಗ ಫೋನು ಮಾಡಿದವರನ್ನಷ್ಟೇ ನಾನು ಎಣಿಸಿದ್ದೆ. ಅಳುವ ದೃಶ್ಯದಲ್ಲಿ ಫೋನು ಮಾಡದೆ, ಚುಕ್ಕೆಚುಕ್ಕೆಯಾದ ಟೀವಿಯ ಮುಂದೆ ಸುಮ್ಮನೆ ಕೂತಿದ್ದವರೂ ಇರಬಹುದು ಎಂದು ಒಮ್ಮೆಯೂ ಯೋಚಿಸಲಿಲ್ಲ.

"ಹೆಂಡ್ತೀನೇ ಮಾಡಿರೋದು" ಎಂದಳು ಅವಳು, ಟೀವಿಯಿಂದ ಕಣ್ಣು ತೆಗೆಯದೆ.

ಅಳಿಯ ನಕ್ಕ. "ಕೇಳಿದ್ರಿ? ಯಾವ್ದು ಹಾಕಿದ್ರೂ ಇದ ಮಾತು. ಹತ್ತು ನಿಮಿಷದಾಗ ಹೆಂಡ್ತೀನ ಜೈಲಿಗೆ ಹಾಕ್ತಾಳ. ಹಿಂಗಾದ್ರ ನಾ ಈ ಮನ್ಯಾಗ ಹೆಂಗ ಉಣ್ಲಿ ಹೇಳ್ರಿ ಮಾವಾರ?"

"ನೀವ್ ಸುಮ್ನಿರಿ" ಎಂದು ಅವನ ಮೊಣಕಾಲಿಗೆ ತಟ್ಟಿ ಅವಳೂ ನಕ್ಕಳು. ನನಗೆ ನಗಲಾಗಲಿಲ್ಲ.

ಧಾರಾವಾಹಿ ಮುಗಿಯಿತು. ಹೆಂಡತಿ ಮಾಡಿರಲಿಲ್ಲ. ಯಾರು ಮಾಡಿದರು, ಮಾಡಿದರೋ ಇಲ್ಲವೋ, ಅದನ್ನೂ ಹೇಳಲಿಲ್ಲ. ಆ ಪೊಲೀಸ್ ಚಾಲಕನ ಕೈಗಡಿಯಾರ ತಂದು ಅವಳಿಗೆ ಕೊಟ್ಟು ಮೆಟ್ಟಿಲ ಮೇಲೆ ಕೂತ, ಅಷ್ಟೇ. ಅಳಿಯ ಆಗಲೇ ಎದ್ದು ಫೋನು ಹಿಡಿದು ಬಾಲ್ಕನಿಗೆ ಹೋಗಿದ್ದ. ಹೆಸರುಗಳೆಲ್ಲ ಮೇಲಕ್ಕೆ ಸರಿದು ಪರದೆ ಕಪ್ಪಾಯಿತು. ಅವಳು ಎದ್ದೇಳಲಿಲ್ಲ.

"ಪಾಪ, ಅವಳೇನೂ ಮಾಡಿರ್ಲಿಲ್ಲ" ಎಂದಳು. ನನ್ನ ಕಡೆ ತಿರುಗಿದಳು. "ಚಿಕ್ಕಪ್ಪಾ, ಆಗ ನಮ್ದೂ ಟೀವೀಲಿ ಬಂದಿತ್ತಲ್ಲ. ಆ ಮಜ್ಜಿಗೆ ವಿಷ್ಯ ಅವ್ರಿಗೆ ಯಾರ್ ಹೇಳಿದ್ದು? ಏನೋ ಗೊತ್ತಿದ್ದೇ ಹಾಗ್ ತೋರ್ಸಿರ್ತಾರೆ ಅಲ್ವಾ?"

ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೊಂದೇ ಸಲ. ಬಾಗಿಲು ತೆರೆದು ಒಳಗೆ ಕರೆದ ಹಾಗೆ ಕೇಳಿದಳು. ನಾನು ಹೇಳಿದ್ದರೆ ಅವಳಿಗೆ ತಾಯಿ ಹಿಂತಿರುಗಿ ಸಿಗುತ್ತಿದ್ದಳು. ಅದೇ ಮಾತಿನಲ್ಲಿ ಇನ್ನೊಂದೂ ಸಿಗುತ್ತಿತ್ತು: ಏನೂ ತಪ್ಪು ಮಾಡದ ತಾಯಿಯನ್ನು ಒಲೆಯ ಮುಂದೆ ನಿಲ್ಲಿಸಿ, ಪ್ರತಿದಿನ ಮೊದಲ ತುತ್ತು ತಿನ್ನಿಸಿದವಳು ತಾನೇ ಎಂಬ ತಿಳುವಳಿಕೆ. ಕ್ಷಮಿಸು ಎಂದು ಕೇಳಿಕೊಳ್ಳಲು ಆ ತಾಯಿ ಈಗಿಲ್ಲ. ತಾನಿರುವಾಗಲೇ ಹೇಳು ಎಂದು ಅತ್ತಿಗೆ ಅಂದದ್ದು ಇದಕ್ಕೇ. ಅವಳ ನೋವಿಗೆ ಹೆದರಿ ಸುಮ್ಮನಾದೆ ಎಂದು ಬರೆಯಬಹುದು. ಅದು ಅರ್ಧ ಮಾತ್ರ ನಿಜ. ಮುಂದಿನ ತಿಂಗಳು ಅವಳು ಊಟಕ್ಕೆ ಕರೆಯದೇ ಹೋದರೆ ನಾನು ಎಲ್ಲಿಗೆ ಹೋಗಲಿ ಎಂಬುದು ಉಳಿದರ್ಧ.

"ಯಾರಿಗ್ಗೊತ್ತಮ್ಮ" ಎಂದೆ. "ಟೀವಿಯವ್ರು."

ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯಲ್ಲಿ ಬಾಗಿಲು ಮುಚ್ಚಿದ್ದು ನನಗೆ ಕೇಳಿಸಿತು. ಆಮೇಲೆ ಅಡುಗೆಮನೆಗೆ ಹೋದಳು. ರಾತ್ರಿಗೆಂದು ನನಗೆ ಡಬ್ಬಿ ಕಟ್ಟುವುದು ಅವಳ ಅಭ್ಯಾಸ. ಕೂತಲ್ಲಿಂದಲೇ ಕಾಣುತ್ತಿತ್ತು. ಹುಳಿಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡಳು, ಆಮೇಲೆ ಪಲ್ಯ, ಆಮೇಲೆ ಮೊಸರನ್ನ. ಪ್ರತಿಯೊಂದರ ನಂತರ ಒಮ್ಮೆ ಹೊರಗೆ ನನ್ನ ಕಡೆ ನೋಡಿದಳು, ನಾನು ನೋಡಿದೆನೋ ಇಲ್ಲವೋ ಎಂಬಂತೆ. ಅದು ತಾಯಿಯಿಂದ ಬಂದದ್ದು ಎಂದು ಅವಳಿಗೆ ಗೊತ್ತಿದೆಯೋ, ಬರೀ ಕೈಯ ಅಭ್ಯಾಸವೋ ನನಗೆ ತಿಳಿಯದು.

ಡಬ್ಬಿ ನನ್ನ ಕೈಗಿಟ್ಟು, "ಎಲ್ಲಾ ತಿಂದ್ ನೋಡಿದೀನಿ ಚಿಕ್ಕಪ್ಪಾ, ಚೆನ್ನಾಗಿದೆ" ಎಂದಳು.

ಮೆಟ್ರೋದಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಿಸಿ ಇತ್ತು. ಮನೆಗೆ ಬಂದು ತೆರೆಯಲಾಗಲಿಲ್ಲ, ಬೆಳಿಗ್ಗೆ ಅದು ಹಳಸಿತ್ತು. ಈ ತಿಂಗಳು ಮತ್ತೆ ಹೋಗುತ್ತೇನೆ. ಹೇಳುತ್ತೇನೆ ಎಂದು ಈ ಸಲ ನನಗೆ ನಾನೇ ಹೇಳಿಕೊಂಡಿಲ್ಲ. ಅತ್ತಿಗೆಯ ಮುಂದೆ ತಪ್ಪಾಯಿತು ಎಂದೆ, ಅಣ್ಣನ ಫೋಟೋದ ಮುಂದೆಯೂ ಎಂದೆ. ಲೈನ್ ಬೇಗ ಹಾಕಿ ಎಂದು ನನ್ನನ್ನು ನಂಬಿ ಕೇಳಿದವಳ ಮುಂದೆ ಮಾತ್ರ ಇಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ, ನನ್ನ ಅಣ್ಣನ ಮಗಳನ್ನು.